ಓದುಗರ ಸ್ಪಂದನ: ‘ಸಾರಮಿಲ್ಲ ಮೋಳೆ’

ಕಳೆದ ಸಂಚಿಕೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಓದುಗರೊಬ್ಬರು ತಮ್ಮ ಸಂಕಟ ಹೇಳಿಕೊಂಡಿದ್ದರು. ಗಂಡ ಗಲ್ಫ್‌ನಲ್ಲಿ. ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಎರಡು ತಿಂಗಳಲ್ಲಿ ಬಾವಿಯ ಪಂಪು ಎರಡು ಸಲ ಸುಟ್ಟಿತು. ಮಿಕ್ಸಿ ಹೋಯಿತು. ಅತ್ತೆಯ ಕಣ್ಣು ತೋರಿಸಲು ಮಂಗಳೂರಿಗೆ ಹೊರಟ ದಿನ ಬಸ್ಸು ಕೆಟ್ಟು, ಕುಂಬಳೆಯಲ್ಲಿ ರೈಲು ತಪ್ಪಿತು. “ದಿನಾ ದೀಪ ಹಚ್ಚುತ್ತೇನೆ. ಆದರೂ ಹೀಗೇಕೆ? ಮೊದಲು ಇಂಥದ್ದಕ್ಕೆಲ್ಲ ನಗುತ್ತಿದ್ದೆ. ಈಗ ನಗುವೂ ಬರುವುದಿಲ್ಲ, ನಂಬಿಕೆಯೂ ಸಡಿಲವಾಗುತ್ತಿದೆ” ಎಂದು ಅವರು ಬರೆದಿದ್ದರು. ನಮಗೆ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ರೈಲು ತಪ್ಪಿದ ಸಾಲಿಗೆ ಬಂದಾಗ ನನ್ನದೇ ಒಂದು ದಿನ ಕಣ್ಣೆದುರು ಬಂತು.

ಅದು 1996. ಪುತ್ತೂರು ಕಡೆಯಿಂದ ಮದುವೆಯಾಗಿ ಪೆರ್ಲಕ್ಕೆ ಬಂದು ಮೂರು ತಿಂಗಳು ಆಗಿತ್ತಷ್ಟೆ. ಯಜಮಾನರ ದೊಡ್ಡಮ್ಮನ ಮನೆ ಬೇಳದಲ್ಲಿ. ಅಲ್ಲಿ ಮಗಳ ಬಾಣಂತನ. ಕಾಸರಗೋಡಿನಿಂದ ಮದ್ದಿನ ಸಾಮಾನು ಕೊಂಡು ಹಾಗೇ ಬೇಳಕ್ಕೆ ತಲುಪಿಸಿ ಬಾ ಎಂದು ಅತ್ತೆ ಕಳಿಸಿದ್ದರು. ಓಮ, ಹಿಪ್ಪಲಿ, ಒಣಶುಂಠಿ, ಕಾಳುಮೆಣಸು. ಎಲ್ಲ ಪೇಪರಿನಲ್ಲಿ ಕಟ್ಟಿ ನೂಲು ಸುತ್ತಿದ ಪೊಟ್ಟಣಗಳು. ಬಸ್ಸಿನ ಬೋರ್ಡೆಲ್ಲ ಮಲಯಾಳದಲ್ಲಿ. ನನಗೆ ಒಂದಕ್ಷರ ಬಾರದು. ಜಡಿಮಳೆ ಬೇರೆ. ಒಂದು ಬಸ್ಸಿನ ಹತ್ತಿರ ಓಡಿ “ಬೇಳ?” ಅಂತ ಕೇಳಿದೆ. ಆ ಗದ್ದಲದಲ್ಲಿ ಕಂಡಕ್ಟರಿಗೆ “ಬೇಕಲ” ಅಂತ ಕೇಳಿಸಿತು. ಹತ್ತಿ ಅಂದರು, ಹತ್ತಿದೆ.

ಮಳೆಗೆ ಕಿಟಕಿಯ ಪರದೆ ಇಳಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಬಸ್ಸಿನ ಸದ್ದು ಬದಲಾಯಿತು. ಪರದೆ ಎತ್ತಿ ನೋಡಿದರೆ ಕೆಳಗೆ ಕೆಂಪು ನೀರಿನ ದೊಡ್ಡ ಹೊಳೆ, ಚಂದ್ರಗಿರಿ. ಬೇಳದ ದಾರಿಯಲ್ಲಿ ಇಷ್ಟು ದೊಡ್ಡ ಹೊಳೆ ಇಲ್ಲ ಅಂತ ಮಾತ್ರ ನನಗೆ ಗೊತ್ತಿತ್ತು. ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಅವರಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು. ನನ್ನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದರು: “ಸಾರಮಿಲ್ಲ ಮೋಳೆ, ಸಾರಮಿಲ್ಲ.” ಪರವಾಗಿಲ್ಲ ಮಗಳೇ ಅಂತ. ಬೇಕಲದಲ್ಲಿ ನನ್ನ ಜೊತೆಗೇ ಇಳಿದರು. ವಾಪಸು ಬಸ್ಸು ಬರುವ ತನಕ ನಿಂತರು. ಅವರ ಕೊಡೆ ನನ್ನ ಮದ್ದಿನ ಪೊಟ್ಟಣಗಳ ಮೇಲೆ. ಅವರ ಒಂದು ಹೆಗಲು ಪೂರ್ತಿ ಒದ್ದೆ.

ರಾತ್ರಿ ಮನೆ ಸೇರಿದಾಗ ಬೈಗುಳ ಖಂಡಿತ ಅಂದುಕೊಂಡಿದ್ದೆ. ಅತ್ತೆ ಎಲ್ಲ ಕೇಳಿಸಿಕೊಂಡರು. ಆಮೇಲೆ, “ಬೇಕಲ ಕೋಟೆಯ ಬಾಗಿಲಲ್ಲಿ ಆಂಜನೇಯ ಇದ್ದಾನಲ್ವಾ, ಕೈ ಮುಗಿದೆಯಾ?” ಅಂತ ಕೇಳಿದರು. ಇಲ್ಲ ಅಂದೆ. “ಹಾಗಾದರೆ ನಿನಗೆ ಇನ್ನೊಂದು ಸಲ ಬಸ್ಸು ತಪ್ಪಬೇಕು” ಅಂದರು. ಒಳಗಿದ್ದ ಮಾವ ಮೊದಲು ನಕ್ಕರು, ಆಮೇಲೆ ಎಲ್ಲರೂ. ನಾನು ಅಳುತ್ತಲೇ ನಕ್ಕೆ. ಆ ಮನೆ ನನ್ನದು ಅನಿಸಿದ್ದು ಅವತ್ತು.

ಅಂದಿನಿಂದ ನಮ್ಮಲ್ಲಿ ಹಾಲು ಉಕ್ಕಿದರೂ, ಅಡಿಕೆ ಒದ್ದೆಯಾದರೂ, ಯಾರಾದರೊಬ್ಬರು “ಸಾರಮಿಲ್ಲ ಮೋಳೆ” ಅನ್ನಲೇಬೇಕು. ಅತ್ತೆ ಕೊನೆಯ ಬಾರಿ ಆಸ್ಪತ್ರೆಯಲ್ಲಿದ್ದಾಗ ಡ್ರಿಪ್ ಹಾಕಲು ನರ ಸಿಗದೆ ನರ್ಸು ಹುಡುಗಿ ಮೂರನೇ ಸಲ ಚುಚ್ಚಿದಳು. ಪಾಪ, ಅವಳ ಕೈ ನಡುಗುತ್ತಿತ್ತು. ಅತ್ತೆ ಕಣ್ಣು ತೆರೆದು ಅವಳಿಗೆ ಹೇಳಿದ್ದೂ ಅದೇ ಮಾತು.

ಆ ಅಜ್ಜಿ ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ದೀಪ ಹಚ್ಚುವಾಗ ಅವರ ನೆನಪಾಗುತ್ತದೆ. ದೇವರು ಎಲ್ಲಿದ್ದ ಅಂತ ಯಾರಾದರೂ ಕೇಳಿದರೆ ನಾನು ಆ ಒದ್ದೆ ಹೆಗಲನ್ನೇ ಹೇಳುವುದು. ತಂಗೀ, ರೈಲು ತಪ್ಪಿದ ದಿನ ನಿಮ್ಮ ಅತ್ತೆ ಏನೆಂದರು? ಪತ್ರದಲ್ಲಿ ಅವರ ಒಂದು ಮಾತೂ ಇಲ್ಲ. ಇವತ್ತು ಕಾಫಿ ಕುಡಿಯುವಾಗ ಕೇಳಿ ನೋಡಿ.

– ಒಬ್ಬ ಅಕ್ಕ, ಪೆರ್ಲ

*

ಅಕ್ಕಾ, ನಾನು ಮುಳ್ಳೇರಿಯ ಕಡೆ ವಯರಿಂಗ್ ಕೆಲಸ ಮಾಡುವವನು. ಪಂಪು ಎರಡು ಸಲ ಸುಟ್ಟಿತು ಅಂದಿರಿ. ದಯವಿಟ್ಟು ಇದನ್ನು ದೇವರ ಮುನಿಸು ಅಂದುಕೊಳ್ಳಬೇಡಿ. ವೋಲ್ಟೇಜ್ ಕಮ್ಮಿ ಇರುವಾಗ ಮೋಟಾರು ಜಾಸ್ತಿ ಕರೆಂಟು ಎಳೆಯುತ್ತದೆ. ಒಳಗಿನ ವೈಂಡಿಂಗ್ ಕಾದು ಸುಡುತ್ತದೆ. ಬಾವಿಯಲ್ಲಿ ನೀರು ತಳ ಹಿಡಿದು ಪಂಪು ಬರೀ ಗಾಳಿ ಎಳೆದರೂ ಅದೇ ಗತಿ. 230 ಇರಬೇಕಾದ ವೋಲ್ಟೇಜ್ 180ರ ಕೆಳಗೆ ಇಳಿದಿದ್ದರೆ ಸ್ವಿಚ್ ಹಾಕಲೇಬೇಡಿ. ಮೀಟರ್ ಇರುವ ಸ್ಟಾರ್ಟರ್ ಹಾಕಿಸಿ. ಅರ್ತಿಂಗ್ ಸರಿ ಇದೆಯಾ ಅಂತಲೂ ನೋಡಿಸಿ. ತುಲಾ ತಿಂಗಳಲ್ಲಿ (ಅಕ್ಟೋಬರ್–ನವೆಂಬರ್) ಸಂಜೆ ಗುಡುಗು ಶುರುವಾಗುವ ಮೊದಲೇ ಮಿಕ್ಸಿ, ಟಿವಿಯ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಮಾತ್ರ ಸಾಲದು.

ಹಾಗಂತ ನಾನು ನಂಬದವನಲ್ಲ. ಏಣಿ ಹತ್ತುವ ಮೊದಲು ನೆಲ ಮುಟ್ಟಿ ಮಧೂರು ಗಣಪತಿಯನ್ನು ನೆನೆಯುತ್ತೇನೆ. ಮಧೂರಿನಲ್ಲಿ ಮೂಡಪ್ಪ ಸೇವೆ, ಅಂದರೆ ಗಣಪತಿಯನ್ನು ಅಪ್ಪದಲ್ಲೇ ಮುಚ್ಚುವ ಸೇವೆ, 1992ರಲ್ಲಿ ಆದದ್ದು ಮತ್ತೆ ಆದದ್ದು 2025ರಲ್ಲಿ. ನನ್ನ ಅಮ್ಮ ಆ 33 ವರ್ಷ ಕಾದರು. ನಡುವೆ ಮನೆಯಲ್ಲಿ ಆಗಬಾರದ್ದೆಲ್ಲ ಆಯಿತು. ಆದರೂ ಅವತ್ತು ಆ ನೂಕುನುಗ್ಗಲಲ್ಲಿ ನಿಂತು ಚಿಕ್ಕ ಮಗುವಿನ ಹಾಗೆ ನಗುತ್ತಿದ್ದರು. ಆ ಮುಖ ನೆನಪಾದರೆ ನನಗೆ ಸಾಕು.

– ಒಬ್ಬ ತಮ್ಮ, ಮುಳ್ಳೇರಿಯ

*

ನನ್ನವರೂ ಗಲ್ಫ್‌ನಲ್ಲೇ ಇರುವುದು ಅಕ್ಕ, ಹನ್ನೊಂದು ವರ್ಷ ಆಯಿತು. ಇಲ್ಲಿ ಏನು ಕೆಟ್ಟರೂ ಮೊದಲು ನಾನು ಫೋನಿನಲ್ಲಿ ಅಳುತ್ತಿದ್ದೆ. ಅವರು ಅಲ್ಲಿ ಊಟ ಬಿಡುತ್ತಿದ್ದರು. ಇಬ್ಬರಿಗೂ ಸಂಕಟ.

ಒಂದು ಪೆರ್ನಾಲಿನ (ಈದ್ ಹಬ್ಬದ) ದಿನ ಬಿರಿಯಾನಿಯ ಅನ್ನ ಅರ್ಧ ಬೆಂದಿರುವಾಗ ಗ್ಯಾಸ್ ಮುಗಿಯಿತು. ಎರಡನೇ ಸಿಲಿಂಡರೂ ಖಾಲಿ. ಆಚೆಮನೆಯ ಕೊಂಕಣಿ ಬಾಯಮ್ಮ ತಮ್ಮ ಅಂಗಳದ ಒಲೆಗೆ ಆಗಲೇ ಬೆಂಕಿ ಹಾಕಿ, “ಪಾತ್ರೆ ತಾ ಮಾರಾಯ್ತಿ” ಅಂತ ಕೂಗಿದರು. ನಾನೂ ಅತ್ತಿಗೆಯೂ ಬಟ್ಟೆ ಸುತ್ತಿ ಪಾತ್ರೆ ಎತ್ತಿಕೊಂಡು ಮಾರ್ಗಕ್ಕೆ ಇಳಿದೆವು. ಮುಂದೆ ನನ್ನ ಸಣ್ಣ ಮಗ ತಟ್ಟೆ ಬಡಿಯುತ್ತಾ, ಹಿಂದೆ ಉಳಿದ ಮಕ್ಕಳೆಲ್ಲ ಸೌಟು, ಮುಚ್ಚಳ ಹಿಡಿದುಕೊಂಡು. ಥೇಟ್ ಹೊರೆಕಾಣಿಕೆ ಮೆರವಣಿಗೆ! ಮಗಳು ಎಲ್ಲವನ್ನೂ ಫೋನಿನಲ್ಲಿ ಅಪ್ಪನಿಗೆ ತೋರಿಸಿದಳು. ಅವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಅಂದಿನ ಬಿರಿಯಾನಿಗೆ ಸೌದೆಯ ಹೊಗೆಯ ಘಮ ಹತ್ತಿತ್ತು. ಮಕ್ಕಳು ಈಗಲೂ ಅದೇ ಬೇಕು ಅನ್ನುತ್ತಾರೆ.

ನಮ್ಮಲ್ಲಿ ಸಬರ್ ಅನ್ನುತ್ತೇವೆ, ತಾಳ್ಮೆ. ನನಗೆ ಅದು ಒಬ್ಬಳೇ ಕೂತಾಗ ಬರುವುದಿಲ್ಲ. ಬಾಯಮ್ಮನ ಅಂಗಳದಲ್ಲಿ ಬರುತ್ತದೆ.

– ಒಬ್ಬ ತಂಗಿ, ಉಪ್ಪಳ

*

ನಾನು ಕುಂಬಳೆಯ ನಿವೃತ್ತ ಮೇಷ್ಟ್ರು. 2019ರಲ್ಲಿ ನಮಗೂ ಇದೇ ಸ್ಟೇಷನ್ನಿನಲ್ಲಿ ಮಂಗಳೂರಿನ ರೈಲು ತಪ್ಪಿತ್ತು. ನಾನು ಸಿಟ್ಟಿನಲ್ಲಿ ಕೂತಿದ್ದೆ. ಹೆಂಡತಿ ಆಟೋ ಕರೆದು ಅನಂತಪುರಕ್ಕೆ ಹೊರಡಿಸಿದಳು. ಕೆರೆಯ ನಡುವೆ ಇರುವ ಆ ದೇವಸ್ಥಾನಕ್ಕೆ ಎಷ್ಟೋ ಸಲ ಹೋಗಿದ್ದೆವು, ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ಒಮ್ಮೆಯೂ ಕಂಡಿರಲಿಲ್ಲ. ಅವತ್ತು ನೀರಿನ ಮೇಲೆ ಎರಡು ಕಣ್ಣು, ಒಂದು ಮೂತಿ. ಅಲುಗಾಡದೆ ನಮ್ಮನ್ನೇ ನೋಡುತ್ತಿತ್ತು. “ರೈಲು ಸಿಗದಿದ್ದರೇನು, ಮೊಸಳೆ ಸಿಕ್ಕಿತಲ್ಲ” ಅಂದಳು ಅವಳು. 2022ರ ಅಕ್ಟೋಬರ್‌ನಲ್ಲಿ ಬಬಿಯಾ ಸತ್ತಾಗ ಇಬ್ಬರೂ ಮನೆಯವರನ್ನು ಕಳೆದುಕೊಂಡ ಹಾಗೆ ಅತ್ತೆವು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ಆದರೆ ಒಂದು ಮಾತು ಹೇಳಲೇಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಅವಳನ್ನು ಮಂಗಳೂರಿನ ಡಾಕ್ಟರಿಗೆ ತೋರಿಸಬೇಕಾಗಿತ್ತು. ಆಗ ನನಗೆ ನಗು ಬರಲಿಲ್ಲ. ನಗಿ ಅಂತ ಯಾರಾದರೂ ಹೇಳಿದ್ದರೆ ಸಹಿಸುತ್ತಿರಲಿಲ್ಲ. ದೀಪ ಹಚ್ಚಿ ಸುಮ್ನೆ ಅದರ ಎದುರು ಕೂರುತ್ತಿದ್ದೆ, ಪ್ರಾರ್ಥನೆಯ ಮಾತೂ ಬರುತ್ತಿರಲಿಲ್ಲ. ನಗು ವಾಪಸು ಬರಲು ತಿಂಗಳುಗಳೇ ಬೇಕಾದವು. ಆದ್ದರಿಂದ ಮಗಳೇ, ನಗಲು ಅವಸರ ಮಾಡಬೇಡ. ಹಚ್ಚುತ್ತಿರುವ ದೀಪ ನಿಲ್ಲಿಸಬೇಡ.

– ನಿವೃತ್ತ ಶಿಕ್ಷಕರು, ಕುಂಬಳೆ

*

ನಮ್ಮ ಮನೆ ಬದಿಯಡ್ಕ ಪೇಟೆಯಲ್ಲೇ. ಬರುವ ಮಂಗಳವಾರ ಅಪ್ಪನ ಕಣ್ಣು ತೋರಿಸಲು ಮಂಗಳೂರಿಗೆ ಹೋಗುವುದಿದೆ, ಕಾರಿನಲ್ಲಿ. ಹಿಂದೆ ಎರಡು ಸೀಟು ಖಾಲಿ ಉಂಟು. ಅತ್ತೆಗೆ ಎದುರು ಕೂರಬೇಕಾದರೆ ಅಪ್ಪ ಹಿಂದೆ ಬರುತ್ತಾರೆ, ಕೇಳಿ ಆಗಿದೆ. ನಿಮ್ಮ ನಂಬರನ್ನು ಸಂಪಾದಕರಿಗೆ ಕೊಟ್ಟಿಡಿ, ಸೋಮವಾರ ರಾತ್ರಿ ಫೋನ್ ಮಾಡುತ್ತೇನೆ. ಬೆಳಗ್ಗೆ ಆರೂವರೆಗೆ ಹೊರಡೋಣ. ತಿಂಡಿ ನಾನು ಕಟ್ಟಿಕೊಳ್ಳುತ್ತೇನೆ.

– ಒಬ್ಬ ಓದುಗಳು, ಬದಿಯಡ್ಕ