ಇಜ್ಯಾಬರ್‌ಡಿ: ಸ್ಕ್ರಿಪ್ಟ್ 'ಸರಿ' ಅನ್ನುತ್ತೆ, ಆದರೂ ಲಾಗಿನ್ ಆಗ್ತಿಲ್ಲ

ಲ್ಯಾಬ್_ಮಾಮ:
ನಮಸ್ಕಾರ. ಕಾಲೇಜಿನ ಲ್ಯಾಬ್ ಒಳಗಿನ ಚಾಟ್‌ಗೆ ಅಂತ ಇಜ್ಯಾಬರ್‌ಡಿ ಅನ್ನೋ ಚಾಟ್ ಸರ್ವರ್ ಹಾಕಿದ್ದೇನೆ. ವಿದ್ಯಾರ್ಥಿಗಳ ಹೆಸರು, ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್ ಗೊತ್ತಾಗದ ಹಾಗೆ ಕಲಸಿದ ರೂಪ) ಎಲ್ಲ ಮೊದಲೇ ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿವೆ. ಮತ್ತೆ ಎಲ್ಲರಿಗೂ ಅಕೌಂಟ್ ಮಾಡೋದು ಯಾಕೆ ಅಂತ ಎಕ್ಸ್‌ಟರ್ನಲ್ ಆಥ್ (ಪಾಸ್‌ವರ್ಡ್ ಸರಿಯಾ ಅಂತ ಸರ್ವರ್ ಹೊರಗಿನ ಪ್ರೋಗ್ರಾಂನ ಕೇಳೋ ವ್ಯವಸ್ಥೆ) ಆನ್ ಮಾಡಿ, ಒಂದು ಪೈಥಾನ್ 3 ಸ್ಕ್ರಿಪ್ಟ್ ಕೊಟ್ಟೆ. ಸರ್ವರ್ ರೀಸ್ಟಾರ್ಟ್ ಮಾಡಿದ ಕೂಡಲೇ ಮೂರ್ನಾಲ್ಕು ಜನಕ್ಕೆ ಲಾಗಿನ್ ಆಗುತ್ತೆ. ಆಮೇಲೆ ಒಬ್ಬರಿಗೆ ಆದರೆ ಇನ್ನೊಬ್ಬರಿಗೆ ಸುತ್ತುತ್ತಾ ನಿಂತುಬಿಡುತ್ತೆ. ನನ್ನ ಲಾಗ್ ಫೈಲ್‌ನಲ್ಲಿ ಪಾಸ್‌ವರ್ಡ್ ಸರಿ ಅಂತಲೇ ಬಿದ್ದಿದೆ! ಎರಡು ದಿನದಿಂದ ತಲೆ ಕೆಟ್ಟಿದೆ.

ಹಳೇ_ಕೀಬೋರ್ಡ್:
ಸ್ಕ್ರಿಪ್ಟ್ ಫೈಲಿಗೆ ಪರ್ಮಿಶನ್ ಇದೆಯಾ ನೋಡಿ. ಅದು ಓಡೋದು ಇಜ್ಯಾಬರ್‌ಡಿ ಯೂಸರ್ ಹೆಸರಲ್ಲಿ, ಎಲ್ಲ ಅಧಿಕಾರ ಇರೋ ರೂಟ್ ಆಗಿ ಅಲ್ಲ.

ಎರ್ಲಾಂಗ್_ಭಟ್ಟ:
ಪರ್ಮಿಶನ್ ತೊಂದರೆ ಆಗಿದ್ದರೆ ಮೊದಲ ಲಾಗಿನ್ನೂ ಆಗ್ತಿರಲಿಲ್ಲ ಅಲ್ವಾ? @ಲ್ಯಾಬ್_ಮಾಮ, ಸ್ಕ್ರಿಪ್ಟ್‌ನಲ್ಲಿ ಎಲ್ಲಾದರೂ ಪ್ರಿಂಟ್ ಹಾಕಿದ್ದೀರಾ?

ಲ್ಯಾಬ್_ಮಾಮ:
ಒಂದೇ ಒಂದು. ಪಾಸ್‌ವರ್ಡ್ ಹೊಂದಿದರೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ 'ಓಕೆ' ಅಂತ. ಸುಮ್ನೆ ಕಣ್ಣಿಗೆ ಕಾಣಲಿ ಅಂತ ಹಾಕಿದ್ದು.

ಎರ್ಲಾಂಗ್_ಭಟ್ಟ:
ಸಿಕ್ಕಿತು ಕಳ್ಳ.

ಈ ಸ್ಕ್ರಿಪ್ಟ್‌ಗೆ ಸ್ಟ್ಯಾಂಡರ್ಡ್ ಔಟ್‌ಪುಟ್ ಅಂದರೆ ಪರದೆ ಅಲ್ಲ, ಸರ್ವರ್ ಜೊತೆ ಮಾತಾಡೋ ಪೈಪ್. ಅಲ್ಲಿ ಮಾತಿಗೊಂದು ಲೆಕ್ಕ ಇದೆ. ಮೊದಲು 2 ಬೈಟ್‌ನಲ್ಲಿ ಉದ್ದ, ಹೆಚ್ಚು ಬೆಲೆಯ (256ರ ಸ್ಥಾನದ) ಬೈಟ್ ಮುಂದೆ. ಆಮೇಲೆ ಅಷ್ಟೇ ಬೈಟ್ ವಿಷಯ. ಸರ್ವರ್ ಕೇಳೋದು 'ಆಥ್:ರವಿ:ಲೋಕಲ್‌ಹೋಸ್ಟ್:1234' ಅನ್ನೋ ಥರ. ಇಂಗ್ಲಿಷ್ ಅಕ್ಷರದಲ್ಲಿ ಅದು 24 ಬೈಟ್, ಹಾಗಾಗಿ ಮುಂದೆ 0, 24 ಬರುತ್ತೆ. ನೀವು ಕೊಡೋ ಉತ್ತರ ಯಾವಾಗಲೂ 4 ಬೈಟ್: ಸರಿ ಅಂದರೆ 0 2 0 1, ತಪ್ಪು ಅಂದರೆ 0 2 0 0. ಕೊನೆಯಲ್ಲಿ ಹೊಸ ಸಾಲಿನ ಗುರುತೂ ಇರಬಾರದು.

ನಿಮ್ಮ 4 ಬೈಟ್ ಬಹುಶಃ ನೇರವಾಗಿ ಬೈನರಿ ಬಫರ್‌ಗೆ (ಬೈಟ್‌ಗಳು ಹೊರಡೋ ಮುಂಚೆ ಕಾಯೋ ಜಾಗಕ್ಕೆ) ಹೋಗಿದೆ. ಪ್ರಿಂಟ್ ಮಾಡಿದ್ದು ಪೈಥಾನ್ ಒಳಗೇ ಕೂತಿದ್ದು, ಫ್ಲಶ್ ಮಾಡಿದಾಗ (ಕೂಡಿಟ್ಟದ್ದನ್ನು ಹೊರಗೆ ತಳ್ಳಿದಾಗ) ಹಿಂದಿನಿಂದ ಹೊರಗೆ ಬಿದ್ದಿದೆ. ಅದಕ್ಕೇ ಮೊದಲ ಉತ್ತರ ಚೆನ್ನಾಗಿ ತಲುಪಿತು. ಅದರ ಬಾಲಕ್ಕೆ ಬಂದ ಎರಡು ಅಕ್ಷರವನ್ನು ಸರ್ವರ್ ಮುಂದಿನ ಉತ್ತರದ ಉದ್ದ ಅಂದುಕೊಂಡಿತು. ಆ ಅಕ್ಷರಗಳ ಕೋಡ್ 111 ಮತ್ತು 107. 111ನ್ನು 256ರಿಂದ ಗುಣಿಸಿ 107 ಕೂಡಿಸಿ: 28,523. ಈಗ ಸರ್ವರ್ ಅಷ್ಟು ಬೈಟ್‌ಗೆ ಬಾಯಿ ತೆರೆದು ಕೂತಿದೆ, ನೀವು ಸಲಕ್ಕೆ ನಾಲ್ಕು ಹಾಕ್ತಿದ್ದೀರಿ.

ಮೂರ್ನಾಲ್ಕು ಜನಕ್ಕೆ ಯಾಕೆ ಆಯಿತು ಅಂದರೆ, ಸ್ಕ್ರಿಪ್ಟ್‌ನ ಪ್ರತಿಗಳು ಒಂದಕ್ಕಿಂತ ಜಾಸ್ತಿ ಓಡ್ತಿರುತ್ತವೆ. ನೀವು ಬೇರೆ ಹೇಳದಿದ್ದರೆ ಸಿಪಿಯು ಕೋರ್‌ಗೆ ಒಂದರಂತೆ. ಒಂದೊಂದೂ ಒಂದು ಒಳ್ಳೆ ಉತ್ತರ ಕೊಟ್ಟು ಕೆಡ್ತಿದೆ.

ಪ್ರಿಂಟ್ ತೆಗೆದು, ಬೇಕಾದ್ದನ್ನೆಲ್ಲ ಫೈಲಿಗೆ ಬರೀರಿ.

ಲ್ಯಾಬ್_ಮಾಮ:
ಗುರುಗಳೇ, ನನ್ನದು 4 ಕೋರ್ ಮಷೀನೇ! ಪ್ರಿಂಟ್ ತೆಗೆದೆ, ಸಂಜೆವರೆಗೂ ಎಲ್ಲರಿಗೂ ಲಾಗಿನ್ ಆಯಿತು. ಬಂದ ಸಾಲನ್ನು ಪೂರ್ತಿ ಫೈಲಿಗೆ ಬರೆಸ್ತಿದ್ದೇನೆ ಈಗ.

ಹಳೇ_ಕೀಬೋರ್ಡ್:
ಅಯ್ಯೋ, ಪೂರ್ತಿ ಬರೆಸಬೇಡಿ! ಎಕ್ಸ್‌ಟರ್ನಲ್ ಆಥ್‌ನಲ್ಲಿ ಸ್ಕ್ರ್ಯಾಮ್ (ಪಾಸ್‌ವರ್ಡ್ ಕಳಿಸದೇ ಲಾಗಿನ್ ಆಗೋ ವಿಧಾನ) ನಡೆಯಲ್ಲ. ಪಾಸ್‌ವರ್ಡ್ ಏನೂ ಮುಚ್ಚದೆ ಇದ್ದ ಹಾಗೇ ಸ್ಕ್ರಿಪ್ಟ್‌ಗೆ ಬರುತ್ತೆ. ಈಗ ನಿಮ್ಮ ಲಾಗ್‌ನಲ್ಲಿ ಇಡೀ ಕಾಲೇಜಿನ ಪಾಸ್‌ವರ್ಡ್ ಇದೆ. ಮೊದಲು ಆ ಫೈಲ್ ಅಳಿಸಿ. ಇದೇ ಕಾರಣಕ್ಕೆ ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದ ಹಾಗೆ ಮಾಡೋ ಗೂಢಲಿಪಿ) ಇಲ್ಲದೆ ಯಾರಿಗೂ ಲಾಗಿನ್ ಬಿಡಬೇಡಿ.

ಲ್ಯಾಬ್_ಮಾಮ:
ಅಳಿಸಿದೆ. ಟಿಎಲ್‌ಎಸ್ ಕಡ್ಡಾಯ ಮಾಡಿದೆ. ಆದರೆ ಇವತ್ತು ಬೆಳಿಗ್ಗೆ ಲ್ಯಾಬ್ ತೆರೆದಾಗ ಮೊದಲು ಬಂದ ಕೆಲವರಿಗೆ ಫೇಲ್, ಆಮೇಲೆ ತಾನಾಗೇ ಸರಿ ಹೋಯಿತು.

ಎರ್ಲಾಂಗ್_ಭಟ್ಟ:
ಡೇಟಾಬೇಸ್ ಕನೆಕ್ಷನ್ ಸ್ಕ್ರಿಪ್ಟ್ ಶುರುವಿನಲ್ಲಿ ಒಂದೇ ಸಲ ತೆರೆದಿದ್ದೀರಿ, ಹೌದಾ? ಸುಮ್ಮನಿರೋ ಕನೆಕ್ಷನ್‌ನ ಮೈಎಸ್‌ಕ್ಯುಎಲ್ 28,800 ಸೆಕೆಂಡ್‌ಗೆ, ಅಂದರೆ 8 ಗಂಟೆಗೆ ಮುಚ್ಚುತ್ತೆ. ರಾತ್ರಿ ಲ್ಯಾಬ್‌ಗೆ ಬೀಗ, ಬೆಳಿಗ್ಗೆ ಸತ್ತ ಕನೆಕ್ಷನ್. ನಿಮ್ಮಷ್ಟು ಜನಕ್ಕೆ ಪ್ರತಿ ಸಲ ಹೊಸದಾಗಿ ತೆರೆದರೂ ಏನೂ ಭಾರ ಆಗಲ್ಲ.

ಹಾಗೇ ಇನ್ನೊಂದು. ಪಾಸ್‌ವರ್ಡ್ ಬದಲಿಸಿದ ಮೇಲೂ ಹಳೇದು ಸ್ವಲ್ಪ ಹೊತ್ತು ನಡೆದರೆ ಗಾಬರಿ ಬೇಡ, ಅದು ಸರ್ವರ್‌ನ ಕ್ಯಾಶ್ (ಹಿಂದಿನ ಉತ್ತರ ನೆನಪಿಟ್ಟುಕೊಳ್ಳೋದು), 1 ಗಂಟೆಯದ್ದು. ಬೇಡ ಅಂದರೆ ಕಾನ್ಫಿಗ್‌ನಲ್ಲಿ ಆಥ್ ಕ್ಯಾಶ್ ಆಫ್ ಮಾಡಿ.

ಲ್ಯಾಬ್_ಮಾಮ:
ಮೂರು ದಿನ ಆಯಿತು, ಬೆಳಿಗ್ಗೆಯೂ ಸರಿ ಇದೆ. ಒಬ್ಬ ಹುಡುಗನಿಗೆ ಮಾತ್ರ ಒಂದು ದಿನವೂ ಲಾಗಿನ್ ಆಗಿಲ್ಲ. ಟೇಬಲ್‌ನಲ್ಲಿ ಅವನ ಹೆಸರು ಇದೆ.

ಎರ್ಲಾಂಗ್_ಭಟ್ಟ:
ಪಾಸ್‌ವರ್ಡ್‌ನಲ್ಲಿ ಕೋಲನ್ ಇದೆಯಾ ಕೇಳಿ. ಸಾಲನ್ನು ಸಿಕ್ಕಿದ ಕೋಲನ್‌ನಲ್ಲೆಲ್ಲ ಕತ್ತರಿಸಬಾರದು. ಮೊದಲ ಮೂರರಲ್ಲಿ ಮಾತ್ರ ಕತ್ತರಿಸಿ, ಉಳಿದದ್ದು ಎಷ್ಟಿದ್ದರೂ ಪಾಸ್‌ವರ್ಡೇ.

ಲ್ಯಾಬ್_ಮಾಮ:
ಕೇಳಿದೆ. ಕೊನೆಯಲ್ಲಿ ನಗುಮುಖ ಹಾಕಿದ್ದಾನಂತೆ ಪುಣ್ಯಾತ್ಮ. ಮೂರಕ್ಕೆ ನಿಲ್ಲಿಸಿದೆ, ಲಾಗಿನ್ ಆದ :)