ಕಂಪನಿಯ ಖಾಸಗಿ ಕಾರ್ಯಕ್ರಮದಲ್ಲಿ ಮೆಚ್ಚಿನ ರಾಕ್ ತಂಡ: ನಿಜವಾಗಿ ಕೇಳಿದಂತಾಗುತ್ತದೆಯೇ?

ಪ್ರಶ್ನೆ

ನಾನು ಕೆಲಸ ಮಾಡುವ ಸಂಸ್ಥೆಯು ತನ್ನ ಗ್ರಾಹಕರಿಗಾಗಿ ನಡೆಸುವ ಸಮ್ಮೇಳನದ ಕೊನೆಯ ರಾತ್ರಿ, ನಾನು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿರುವ ರಾಕ್ ತಂಡವೊಂದು ನುಡಿಸಲಿದೆ. ಕಾರ್ಯಕ್ರಮ ಮುಗಿಯುವವರೆಗೆ ಹೆಸರನ್ನು ಹೊರಗೆ ಹೇಳಬಾರದೆಂಬ ಸೂಚನೆ ಇರುವುದರಿಂದ ಇಲ್ಲಿ ಬರೆಯುತ್ತಿಲ್ಲ. ಈ ತಂಡದ ಸಾರ್ವಜನಿಕ ಕಾರ್ಯಕ್ರಮಕ್ಕೆ ಎರಡು ಬಾರಿ ಪ್ರಯತ್ನಿಸಿಯೂ ನನಗೆ ಟಿಕೆಟ್ ಸಿಕ್ಕಿರಲಿಲ್ಲ. ಈಗ ಕೊರಳಿನ ಗುರುತಿನ ಚೀಟಿಯೇ ಟಿಕೆಟ್ ಆಗಿದೆ. ಸಂತೋಷಪಡಬೇಕಾದ ಹೊತ್ತಿನಲ್ಲಿ ಮನಸ್ಸು ಅಳುಕುತ್ತಿದೆ. ಸುತ್ತಲೂ ಇರುವವರಲ್ಲಿ ಹೆಚ್ಚಿನವರು ಆ ತಂಡದ ಒಂದೆರಡು ಹಾಡುಗಳನ್ನು ಮಾತ್ರ ಬಲ್ಲವರು. ಅಂಥವರ ಮುಂದೆ ಕಲಾವಿದರು ಮನಸ್ಸಿಟ್ಟು ನುಡಿಸುತ್ತಾರೆಯೇ, ಅಥವಾ ಒಪ್ಪಂದದ ಸಮಯವನ್ನು ತುಂಬಿಸಿ ಹೊರಟುಬಿಡುತ್ತಾರೆಯೇ? ಇಷ್ಟು ವರ್ಷ ಕಾದ ಮೊದಲ ಭೇಟಿಯನ್ನು ಹೀಗೆ ಕಳೆದುಕೊಳ್ಳುವುದು ಸರಿಯೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಾನು ಹಲವು ವರ್ಷ ಧ್ವನಿ ವ್ಯವಸ್ಥೆಯ ಕೆಲಸದಲ್ಲಿದ್ದು, ಇಂತಹ ಖಾಸಗಿ ಕಾರ್ಯಕ್ರಮಗಳನ್ನು ವೇದಿಕೆಯ ಬದಿಯಿಂದಲೂ, ಎಲ್ಲ ಧ್ವನಿಗಳನ್ನು ಬೆರೆಸಿ ಹೊಂದಿಸುವ ಮಿಕ್ಸಿಂಗ್ ಕನ್ಸೋಲಿನ ಹಿಂದಿನಿಂದಲೂ ನೋಡಿದ್ದೇನೆ. ಅವರು ಅಸಡ್ಡೆಯಿಂದ ನುಡಿಸುತ್ತಾರೆಂಬ ಭಯವನ್ನು ಮೊದಲು ಬಿಡಿ. ದೊಡ್ಡ ತಂಡಗಳು ದೊಡ್ಡವಾಗಿರುವುದಕ್ಕೆ ಒಂದು ಕಾರಣವೇ, ಸಪ್ಪೆಯಾದ ಸಭೆಯ ಮುಂದೆಯೂ ತಾಳ ತಪ್ಪದೆ, ಕಂಠ ಕುಗ್ಗದೆ ನುಡಿಸಬಲ್ಲ ಅಭ್ಯಾಸಬಲ. ಹೆಸರು ಬರುವ ಮೊದಲು ಮಾತಿನ ಗದ್ದಲದ ನಡುವೆ, ಯಾರೂ ತಿರುಗಿ ನೋಡದ ಸಣ್ಣ ಜಾಗಗಳಲ್ಲಿ ನುಡಿಸಿಯೇ ಅವರಲ್ಲಿ ಹೆಚ್ಚಿನವರು ಬೆಳೆದಿದ್ದಾರೆ.

ಆದರೆ ವ್ಯತ್ಯಾಸಗಳು ಇದ್ದೇ ಇರುತ್ತವೆ. ಕಾರ್ಯಕ್ರಮ ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದೂವರೆ ಗಂಟೆಯಷ್ಟೇ ಇರುತ್ತದೆ. ಹಾಡುಗಳ ಪಟ್ಟಿಯಲ್ಲಿ ಎಲ್ಲರಿಗೂ ಗೊತ್ತಿರುವವೇ ಹೆಚ್ಚು, ಹೊಸ ಆಲ್ಬಮ್ಮಿನವು ಕಡಿಮೆ. ಪ್ರವಾಸದ ಪೂರ್ಣ ದೀಪಾಲಂಕಾರವನ್ನು ತರದೆ, ಸ್ಥಳದಲ್ಲೇ ಬಾಡಿಗೆಗೆ ದೊರೆಯುವ ಆಂಪ್ಲಿಫೈಯರ್ ಮತ್ತು ಡ್ರಮ್ಸ್ ಬಳಸುವುದೂ ಉಂಟು. ಅವು ಯಾವ ಮಾದರಿಯವು ಆಗಿರಬೇಕೆಂಬುದನ್ನು ತಂಡದ ರೈಡರ್, ಅಂದರೆ ಒಪ್ಪಂದಕ್ಕೆ ಸೇರಿಸುವ ಬೇಡಿಕೆಗಳ ಪಟ್ಟಿ, ಬಹಳ ಕರಾರುವಾಕ್ಕಾಗಿ ಹೇಳಿರುತ್ತದೆ.

ನಿಮಗೆ ಹೆಚ್ಚು ಉಪಯೋಗವಾಗುವ ವಿಷಯವೆಂದರೆ ನಿಲ್ಲುವ ಜಾಗ. ಮುಂದಿನ ಸಾಲಿಗೆ ನುಗ್ಗುವ ಆಸೆ ಸಹಜವೇ, ಆದರೆ ಮುಖ್ಯ ಸ್ಪೀಕರುಗಳು ವೇದಿಕೆಯ ಎರಡು ಬದಿಗಳಲ್ಲಿ ಎತ್ತರದಲ್ಲಿರುವುದರಿಂದ ಅವುಗಳ ಧ್ವನಿ ಮುಂದೆ ನಿಂತವರ ತಲೆಯ ಮೇಲಿಂದ ಹಿಂದಕ್ಕೆ ಸಾಗುತ್ತದೆ. ಅಲ್ಲಿ ನಿಮಗೆ ವೇದಿಕೆಯ ಮೇಲಿನ ಗಿಟಾರ್ ಆಂಪ್ಲಿಫೈಯರ್ ಮತ್ತು ಡ್ರಮ್ಸ್ ನೇರವಾಗಿ ಕೇಳಿಸಿ, ಹಾಡುಗಾರನ ದನಿ ಅಡಗಿಹೋಗಬಹುದು. ಎಂಜಿನಿಯರ್ ತಾನು ಕೇಳುವುದಕ್ಕೆ ತಕ್ಕಂತೆ ಧ್ವನಿಯನ್ನು ಹೊಂದಿಸುವುದರಿಂದ ಕನ್ಸೋಲಿನ ಹತ್ತಿರ ನಿಂತವರಿಗೇ ಅತ್ಯಂತ ಸಮತೋಲನದ ನಾದ ಸಿಗುತ್ತದೆ. ಮೊದಲ ಎರಡು ಹಾಡುಗಳನ್ನು ಮುಂದೆ ನಿಂತು ನೋಡಿ, ಆಮೇಲೆ ಹಿಂದಕ್ಕೆ ಬನ್ನಿ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ.

ಉತ್ತರ 2

ಹಣದ ಮಾತನ್ನೂ ಸೇರಿಸುತ್ತೇನೆ. ಇಂತಹ ಕಾರ್ಯಕ್ರಮಗಳನ್ನು ಕೀಳಾಗಿ ಕಾಣುವವರು ಬಹಳ ಮಂದಿ ಇದ್ದರೂ, ಇವು ಹೊಸವೇನಲ್ಲ. ರೋಲಿಂಗ್ ಸ್ಟೋನ್ಸ್ ತಂಡವು 2002ರಲ್ಲಿ ಲಾಸ್ ವೇಗಾಸ್‌ನಲ್ಲಿ ಹೂಡಿಕೆದಾರ ಡೇವಿಡ್ ಬಾಂಡರ್ಮನ್ ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ನುಡಿಸಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇಲ್ಸ್‌ಫೋರ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ನಡೆಸುವ ಡ್ರೀಮ್‌ಫೋರ್ಸ್ ಸಮ್ಮೇಳನದಲ್ಲಿ ಮೆಟಾಲಿಕಾ 2011ರಲ್ಲೂ 2018ರಲ್ಲೂ ನುಡಿಸಿದೆ. 2016ರಲ್ಲಿ ಅದೇ ಸಮ್ಮೇಳನದ ಅಂಗವಾಗಿ ಯು2 ತಂಡವು ಮಕ್ಕಳ ಆಸ್ಪತ್ರೆಗಳಿಗೆ ನೆರವಾಗಲೆಂದು ಹಾಡಿತು. 1999ರ ನಂತರ ಧ್ವನಿಮುದ್ರಣಗಳ ಮಾರಾಟ ವರ್ಷವರ್ಷ ಇಳಿಯುತ್ತ ಹೋದಾಗ ಕಲಾವಿದರ ಆದಾಯದಲ್ಲಿ ವೇದಿಕೆಯ ಪಾಲು ಹೆಚ್ಚಿತು. ಒಂದು ರಾತ್ರಿಯ ಖಾಸಗಿ ಸಂಭಾವನೆಯಿಂದ ತಂಡದ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಸಿಗುವುದಾದರೆ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಹಣ ಕೊಡುವವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಗಾಯಕಿ ನೆಲ್ಲಿ ಫುರ್ಟಾಡೊ ಅವರು 2007ರಲ್ಲಿ ಇಟಲಿಯ ಹೋಟೆಲೊಂದರಲ್ಲಿ ಲಿಬಿಯಾದ ಸರ್ವಾಧಿಕಾರಿ ಗದ್ದಾಫಿಯ ಕುಟುಂಬದ ಅತಿಥಿಗಳಿಗಾಗಿ 45 ನಿಮಿಷ ಹಾಡಿ ಪಡೆದ 10 ಲಕ್ಷ ಡಾಲರನ್ನು ದಾನ ಮಾಡುವುದಾಗಿ 2011ರಲ್ಲಿ ತಾವೇ ತಿಳಿಸಿದರು. ಸಮ್ಮೇಳನದ ವೇದಿಕೆಗೂ ಅದಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ಖಾಸಗಿ ಎಂಬ ಪದದ ಹಿಂದೆ ಏನೆಲ್ಲ ಅಡಗಬಹುದೆಂಬುದನ್ನು ಅಭಿಮಾನಿಗಳಾದ ನಾವು ಮರೆಯಬಾರದು.

ಉತ್ತರ 3

ನಾನು ಒಮ್ಮೆ ಹೋಗಿದ್ದೆ, ಮತ್ತೆ ಹೋಗಲಾರೆ. ನಿಧಾನಗತಿಯ ಹಾಡೊಂದು ನಡೆಯುತ್ತಿರುವಾಗ ನನ್ನ ಪಕ್ಕದವರಿಬ್ಬರು ವೇದಿಕೆಗೆ ಬೆನ್ನು ಮಾಡಿ ಮುಂದಿನ ವರ್ಷದ ಮಾರಾಟದ ಗುರಿಯ ಬಗ್ಗೆ ಮಾತನಾಡುತ್ತಿದ್ದರು. ಆ ಜಾಗದಲ್ಲಿ ನಿಲ್ಲಲು ತಿಂಗಳುಗಟ್ಟಲೆ ಹಣ ಕೂಡಿಟ್ಟು ಕಾಯುವವರನ್ನು ನಾನು ಬಲ್ಲೆ. ಕಲಾವಿದರ ಮೇಲೆ ನನಗೆ ಕೋಪವಿಲ್ಲ. ಕೇಳುವವರಿಲ್ಲದ ಕಡೆ ಆ ಹಾಡು ಕೇಳಿಬಂದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಪ್ರಶ್ನೆ ಕೇಳಿದವರಿಂದ, ಕಾರ್ಯಕ್ರಮದ ನಂತರ

ಎಲ್ಲರಿಗೂ ವಂದನೆಗಳು. ಮೂರನೆಯ ಉತ್ತರದಲ್ಲಿ ಹೇಳಿದ ಮಾತು ಅಕ್ಷರಶಃ ನಿಜವಾಯಿತು; ಅರ್ಧದಷ್ಟು ಸಭೆ ಊಟದ ಮೇಜುಗಳ ಕಡೆಗೇ ಇತ್ತು. ಆದರೆ ನಾನು ಸಲಹೆಯಂತೆ ಕನ್ಸೋಲಿನ ಪಕ್ಕಕ್ಕೆ ಬಂದು ನಿಂತಾಗ, ವರ್ಷಗಳಿಂದ ಕೇಳಿದ ಧ್ವನಿಮುದ್ರಣಗಳಲ್ಲಿ ಒಮ್ಮೆಯೂ ಕೇಳಿಸದಿದ್ದದ್ದು ಕೇಳಿಸಿತು. ಹಾಡು ಮುಗಿದೊಡನೆ ಕೂಗು ಏಳದಿದ್ದುದರಿಂದ ಕೊನೆಯ ಗಿಟಾರ್ ಸ್ವರ ಪೂರ್ತಿಯಾಗಿ ಕರಗುವವರೆಗೂ ಉಳಿಯುತ್ತಿತ್ತು. ಮುಂದಿನ ಹಾಡಿಗೆ ಡ್ರಮ್ಸ್ ವಾದಕರು ಕಡ್ಡಿಗಳನ್ನು ತಟ್ಟಿ ನಾಲ್ಕು ಎಣಿಸುವುದು, ಬೇಸ್ ನುಡಿಸುವವರು ಅವರತ್ತ ತಿರುಗಿ ತಲೆಯಾಡಿಸುವುದು, ಇಬ್ಬರೂ ಒಂದೇ ಕ್ಷಣಕ್ಕೆ ಹಾಡಿಗೆ ಇಳಿಯುವುದು, ಇದೆಲ್ಲ ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವ ಅಭ್ಯಾಸದಂತೆ ಸ್ಪಷ್ಟವಾಗಿತ್ತು. ಅವರು ಒಂದು ಹಾಡನ್ನೂ ಅಸಡ್ಡೆಯಿಂದ ನುಡಿಸಲಿಲ್ಲ.

ಆದರೂ ಎಲ್ಲರೂ ಕೂಡಿ ಹಾಡಬೇಕಾದ ಪಲ್ಲವಿಯಲ್ಲಿ ಹಾಡುಗಾರರು ಮೈಕನ್ನು ಸಭೆಯ ಕಡೆಗೆ ಚಾಚಿದಾಗ, ಕೇಳಿಬಂದ ದನಿಗಳಲ್ಲಿ ನನ್ನದನ್ನು ನಾನೇ ಗುರುತಿಸಬಹುದಾಗಿತ್ತು. ಆ ಪಲ್ಲವಿಗಾಗಿ ಸಾರ್ವಜನಿಕ ಕಾರ್ಯಕ್ರಮಕ್ಕೆ ಮೂರನೆಯ ಬಾರಿ ಟಿಕೆಟಿಗೆ ಪ್ರಯತ್ನಿಸುತ್ತೇನೆ.