ಬೇಸ್‌ಬಾಲ್‌ನಲ್ಲಿ ಬೆಂಚ್ ಔಟ್‌ಫೀಲ್ಡರ್‌ನ (ದೂರದ ಮೈದಾನ ಕಾಯೋ ಮೀಸಲು ಆಟಗಾರನ) ಬೆಲೆ ಅಳೆಯೋದು ಹೇಗೆ?

ಪ್ರಶ್ನೆ: 2004ರಲ್ಲಿ ಡೇವ್ ರಾಬರ್ಟ್ಸ್ ಸೀಸನ್ ನಡುವೆ ರೆಡ್ ಸಾಕ್ಸ್‌ಗೆ ಬಂದರು, ಆಡಿದ್ದು 45 ಪಂದ್ಯ, ಬ್ಯಾಟಿಂಗ್ ಸರಾಸರಿ .256. ಇಷ್ಟೊಂದು ಹೊಗಳಿಕೆ ಬರೀ ಯಾಂಕೀಸ್ ಎದುರಿನ ಆ ಒಂದು ಸ್ಟೀಲ್‌ಗಾ (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಕದಿಯೋದು)?

ಉತ್ತರ 1: ಇಂಥವರಿಗೆ ಸರಾಸರಿ ನೋಡಬೇಡಿ. ಆ ವರ್ಷ ಎರಡೂ ತಂಡ ಸೇರಿ 41 ಸಲ ಓಡಿ 38 ಬೇಸ್ ಕದ್ದಿದ್ದಾರೆ. ನೂರಕ್ಕೆ ಸುಮಾರು 70 ದಕ್ಕಿದರೆ ಲಾಭ, ಇವರದು 90ಕ್ಕೂ ಜಾಸ್ತಿ.

ಉತ್ತರ 2: ಆದರೂ ವಾರ್ (ಸಾಧಾರಣ ಬದಲಿ ಆಟಗಾರನಿಗಿಂತ ಎಷ್ಟು ಗೆಲುವು ಹೆಚ್ಚು ತಂದ ಅನ್ನೋ ಅಳತೆ) ಲೆಕ್ಕದಲ್ಲಿ ಹತ್ತು ರನ್‌ಗೆ ಹೆಚ್ಚುಕಮ್ಮಿ ಒಂದು ಗೆಲುವು, ಒಂದು ಸ್ಟೀಲ್‌ಗೆ ಸುಮಾರು 0.2 ರನ್. ಯಾಂಕೀಸ್ ಎದುರು ಒಂಬತ್ತನೇ ಇನಿಂಗ್ಸ್‌ನಲ್ಲಿ, ಒಂದು ರನ್ ಹಿಂದಿದ್ದಾಗ, ರಿವೇರಾ ಪಿಚ್ ಮಾಡುತ್ತಿದ್ದಾಗಲೇ ಎರಡನೇ ಬೇಸ್ ಕದ್ದರಲ್ವಾ, ಅದು ಪ್ಲೇಆಫ್, ಸೀಸನ್ ವಾರ್‌ಗೆ ಸೇರೋದೇ ಇಲ್ಲ! ಡಬ್ಲ್ಯೂಪಿಎ (ಒಂದೊಂದು ಆಟವೂ ಗೆಲುವಿನ ಸಾಧ್ಯತೆಯನ್ನ ಎಷ್ಟು ಬದಲಿಸಿತು ಅನ್ನೋ ಲೆಕ್ಕ) ನೋಡಿ.

ಉತ್ತರ 3: ಡಬ್ಲ್ಯೂಪಿಎ ಆಗಿದ್ದನ್ನು ಹೇಳುತ್ತೆ, ಮುಂದಿನ ವರ್ಷ ಎಷ್ಟು ಸಂಬಳ ಕೊಡಬೇಕು ಅಂತ ಹೇಳಲ್ಲ ಸ್ವಾಮಿ.